ಶಂಖಕ್ಕೆ ರೇಟ್ ಇತ್ತು, ಆಕೆಗೆ ಹೆಸರೂ ಇಲ್ಲ

1/6
“ಕವಡೆ ಕಾಸಿನ ಕಿಮ್ಮತ್ತಿಲ್ಲ” ಅಂತ ಬೈತಾರಲ್ಲ, ಆ ಕವಡೆ ಒಂದು ಕಾಲಕ್ಕೆ ನಿಜವಾದ ದುಡ್ಡು! ಮಾಲ್ಡೀವ್ಸ್‌ನಿಂದ ಹಡಗಿನಲ್ಲಿ ಬಂದು, ಬಂಗಾಳ, ಒಡಿಶಾದಲ್ಲಿ 19ನೇ ಶತಮಾನದ ಆರಂಭದವರೆಗೂ ಚಲಾವಣೆಯಲ್ಲಿತ್ತು. ಕವಡೆಯಿಂದ ಯಾರಿಗೂ ಅಪಾಯ ಇಲ್ಲ. ಆದ್ರೆ ಅದರ ದೂರದ ನೆಂಟ ಕೋನ್ ಶಂಖ ಹಾಗಲ್ಲ. ನಮ್ಮ ಬಿ.ಜಿ. ಕೆರೆಗೆ ಸಮುದ್ರ ದೂರ ಐತೆ, ನಿಜ. ಆದ್ರೆ ಟ್ರಿಪ್ ಅಂದ್ರೆ ಗೋಕರ್ಣ, ಮುರುಡೇಶ್ವರ, ಮಲ್ಪೆ ತಾನೇ? ಅದಕ್ಕೇ ಓದಿ.

2/6
ಐಸ್‌ಕ್ರೀಮ್ ಕೋನ್ ಆಕಾರ, ಮೇಲೆ ಕಂದು ಬಣ್ಣದ ಚಿತ್ತಾರ. ಒಳಗೆ ಇರೋದು ಬೇಟೆಯಾಡುವ ಬಸವನಹುಳು. ಇದರ ಹಲ್ಲೇ ಟೊಳ್ಳಾದ ಸೂಜಿ. ಹುಳುವನ್ನೋ ಮೀನನ್ನೋ ಕಂಡರೆ ಈಟಿ ತರ ಚುಚ್ಚಿ ವಿಷ ಬಿಡುತ್ತೆ. ಅರಬ್ಬಿ ಸಮುದ್ರದಲ್ಲೂ ಈ ಕುಲದ ಜಾತಿಗಳಿವೆ.

3/6
ಯುರೋಪಿನ ಶ್ರೀಮಂತರಿಗೆ ಇದರ ಹುಚ್ಚು. 1650ರಲ್ಲಿ ರೆಂಬ್ರಾಂಟ್ ಒಂದು ಕೋನ್ ಶಂಖದ ಚಿತ್ರವನ್ನೇ ಕೊರೆದ. 1796ರ ಒಂದು ಹರಾಜಿನಲ್ಲಿ ವರ್ಮೀರ್‌ನ ವರ್ಣಚಿತ್ರ 43 ಗಿಲ್ಡರ್‌ಗೆ ಹೋಯ್ತು. ಅಲ್ಲೇ ಒಂದು ಪುಟ್ಟ ಕೋನ್ ಶಂಖಕ್ಕೆ ಸಿಕ್ಕಿದ್ದು ಅದರ ಐದು ಪಟ್ಟಿಗೂ ಹೆಚ್ಚು!

4/6
ಈಗ ಇಂಡೋನೇಷ್ಯಾದ ಆಂಬಾನ್ ದ್ವೀಪಕ್ಕೆ ಬನ್ನಿ. ಡಚ್ ಕಂಪನಿಯ ನೌಕರ ರಂಫಿಯಸ್, 1670ರಲ್ಲಿ ಕಣ್ಣು ಹೋದರೂ ಬರೆಸುತ್ತಲೇ ಇದ್ದ. ಶಂಖಗಳ ಬಗ್ಗೆ ಅವನ ಪುಸ್ತಕ ಬಂದದ್ದು 1705ರಲ್ಲಿ, ಅವನು ಸತ್ತ ಮೇಲೆ. ಅದರಲ್ಲಿ ಒಂದು ಸಾವಿನ ಸಂಗತಿ ಇದೆ. ಬಾಂಡಾದಲ್ಲಿ ಬಲೆ ಎಳೆಯುವಾಗ ಗುಲಾಮ ಹೆಂಗಸೊಬ್ಬಳು ಒಂದು ಶಂಖ ಎತ್ತಿಕೊಂಡಳು. ದಡಕ್ಕೆ ನಡೆಯುವಾಗ ಕೈಯಲ್ಲಿ ಸಣ್ಣ ತುರಿಕೆ. ಅದು ತೋಳಿಗೆ ಏರಿ, ಮೈಗೆಲ್ಲ ಹರಡಿ, ಆಕೆ ಸತ್ತಳು. ಕೋನ್ ಶಂಖದಿಂದ ಆದ ಸಾವಿನ ಮೊದಲ ಲಿಖಿತ ದಾಖಲೆ ಇದೇ.

5/6
ಬಾಂಡಾದಲ್ಲಿ ಗುಲಾಮರು ಯಾಕಿದ್ರು? 1621ರಲ್ಲಿ ಅದೇ ಕಂಪನಿ ಜಾಯಿಕಾಯಿಗೋಸ್ಕರ ದ್ವೀಪವನ್ನ ವಶ ಮಾಡಿಕೊಂಡು, ಅಲ್ಲಿನ ಹೆಚ್ಚಿನ ಜನರನ್ನ ಕೊಂದು, ಓಡಿಸಿ, ತೋಟಗಳಿಗೆ ಗುಲಾಮರನ್ನ ತಂದಿತ್ತು. ಬಿಕಾಂ ಓದೋ ನನಗೆ ಇದು ತಲೆಯಿಂದ ಹೋಗ್ತಿಲ್ಲ. ಶಂಖದ ರೇಟ್ ಲೆಕ್ಕದಲ್ಲಿ ಇದೆ, ಆಕೆಯ ಹೆಸರು ಎಲ್ಲೂ ಇಲ್ಲ. ಆದ್ರೂ ಇದು ಅಪಾಯ ಅಂತ ಜಗತ್ತಿಗೆ ಗೊತ್ತಾಗಿದ್ದು ಆಕೆಯ ಸಾವಿನಿಂದ.

6/6
1935ರಲ್ಲಿ ಆಸ್ಟ್ರೇಲಿಯಾದ ಹೇಮನ್ ದ್ವೀಪದಲ್ಲೂ ಅಷ್ಟೇ. ಶಂಖ ಕೈಯಲ್ಲಿ ಹಿಡಿದಿದ್ದ 27 ವರ್ಷದ ಯುವಕ ಕೆಲವೇ ಗಂಟೆಗಳಲ್ಲಿ ತೀರಿಹೋದ. ಇದುವರೆಗೆ ದಾಖಲಾದ ಸಾವು 30ಕ್ಕೂ ಹೆಚ್ಚು. ಇದೇ ಕುಲದ ಒಂದು ಜಾತಿಯ ವಿಷದಿಂದ ಹುಟ್ಟಿದ ನೋವಿನ ಔಷಧಿಗೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದ್ರೆ ಕಡಿತಕ್ಕೆ ಪ್ರತಿವಿಷ ಇಲ್ಲ, ವಿಷ ಇಳಿಯೋವರೆಗೆ ಉಸಿರು ನಿಲ್ಲದಂತೆ ಆಸ್ಪತ್ರೆಯಲ್ಲಿ ನೋಡ್ಕೋಬೇಕು.

ಹಾಗಾಗಿ ಬೀಚಲ್ಲಿ ಕೋನ್ ಆಕಾರದ್ದು ಕಂಡ್ರೆ ಫೋಟೋ ತೆಗೀರಿ, ಕೈ ಹಾಕಬೇಡಿ. “ಖಾಲಿ ಇರ್ಬೇಕು ಬಿಡೋ” ಅಂತ ಜೇಬಿಗಂತೂ ಹಾಕ್ಕೋಬೇಡಿ, ಬಟ್ಟೆ ತೂರಿ ಚುಚ್ಚುತ್ತೆ. ಚುಚ್ಚಿದ್ರೆ ಕೈ ಅಲುಗಾಡಿಸದೆ ತಕ್ಷಣ 108ಕ್ಕೆ ಫೋನ್ ಮಾಡಿ.

ಟ್ರಿಪ್ ಗ್ರೂಪಿಗೆ ಶೇರ್ ಮಾಡಿ 🐚
#ಕನ್ನಡ #ಇತಿಹಾಸ #ಬಿಜಿಕೆರೆ