ಆಮ್ಲಜನಕದ ಹೆಸರಿನಲ್ಲೊಂದು ತಪ್ಪು

ಜಯನಗರದ ನಮ್ಮ ಮನೆಗೆ ಮೊನ್ನೆ ಬಂದಿದ್ದ ನೆರೆಮನೆಯ ಹುಡುಗ ಕೇಳಿದ: “ಆಮ್ಲಜನಕವೆಂದರೆ ಆಮ್ಲವನ್ನು ಹುಟ್ಟಿಸುವಂಥದು ತಾನೆ, ಸಾರ್? ಹಾಗಾದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದೇಕೆ ಇಲ್ಲ?” ನಾನು ಕನ್ನಡದ ಮೇಷ್ಟ್ರು. ಆದರೂ ಉತ್ತರವಿದ್ದುದು ಪದದ ಚರಿತ್ರೆಯಲ್ಲಿಯೇ.

ಗಂಧಕ, ರಂಜಕಗಳು ಉರಿಯುವಾಗ ಈ ಅನಿಲದೊಡನೆ ಕೂಡುತ್ತವೆ. ಇದೇ ಉತ್ಕರ್ಷಣ. ಹಾಗೆ ಹುಟ್ಟಿದ ವಸ್ತು ನೀರಿನಲ್ಲಿ ಕರಗಿದರೆ ದ್ರಾವಣ ಆಮ್ಲವಾಗುತ್ತದೆ. ಇದನ್ನು ಕಂಡ ಫ್ರಾನ್ಸಿನ ಲವಾಸಿಯೆ, ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಬಗೆದು, 1777ರ ವೇಳೆಗೆ ಗ್ರೀಕ್ ಪದಗಳಿಂದ ಹೆಸರು ಕಟ್ಟಿದ. 1810ರಲ್ಲಿ ಇಂಗ್ಲೆಂಡಿನ ಡೇವಿ ಅದು ತಪ್ಪೆಂದು ತೋರಿಸಿದ. ಹುಡುಗ ಹೇಳಿದ ಆಮ್ಲವೇ ಅವನ ಸಾಕ್ಷಿ. ನೀರಿನ ದ್ರಾವಣದಲ್ಲಿ ಹುಳಿಯ ಗುಟ್ಟಿರುವುದು ಜಲಜನಕದಲ್ಲಿ.

ಹೆಸರು ಮಾತ್ರ ಉಳಿಯಿತು. ಕನ್ನಡವೂ ಅದನ್ನೇ ಅನುವಾದಿಸಿಕೊಂಡಿತು. ಈಗ ತಿದ್ದಬೇಕೆ? ಬೇಡವೆಂದೇ ನನ್ನ ಮತ. ‘ಆಕ್ಸಿಜನ್’ ಎಂಬಲ್ಲಿಯೂ ಅದೇ ತಪ್ಪಿದೆ. ಗ್ರೀಕಿನ ಮುಸುಕಿನಲ್ಲಿರುವುದರಿಂದ ಯಾರಿಗೂ ಕಾಣದು. ಕನ್ನಡದಲ್ಲಿ ಅದು ಬಯಲಾಗಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ್ದು ಕನ್ನಡಿಗರು ಶಾಸ್ತ್ರವನ್ನು ತಮ್ಮ ನುಡಿಯಲ್ಲೇ ಓದಲೆಂದು. ಅರ್ಥ ತಿಳಿದದ್ದರಿಂದಲೇ ಅಲ್ಲವೆ, ಹುಡುಗ ಪ್ರಶ್ನೆ ಕೇಳಿದ್ದು?