ಕಾವಲು, ಕೊಳ್ಳೆ ಮತ್ತು ಕಾಯಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಗ್ರಾಮ. ಶಾಸನಗಳ ಕಾಲದಲ್ಲಿ ಅದು ನೊಳಂಬವಾಡಿ 32,000ಕ್ಕೆ ಸೇರಿದ ಕೋಗಳಿ 500ರ ಮುಖ್ಯಸ್ಥಾನ. ಮಳೆ ವಿರಳವಾದ ಈ ಸೀಮೆಯಲ್ಲಿ ತುರುಮಂದೆಯೇ ಸಂಪತ್ತು. ಗುಂಪುಗೂಡಿ ಅದನ್ನು ಅಪಹರಿಸುವ ತುರುಗೋಳ್ ಕನ್ನಡನಾಡಿನ ಪುರಾತನ ಸಂಘಟಿತ ಕೊಳ್ಳೆ. ಅದನ್ನು ತಡೆದು ಮಡಿದವರಿಗೆ ವೀರಗಲ್ಲು ನಿಂತಿತು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಆದರೆ ಪರನಾಡಿನ ತುರುಗಳನ್ನು ತಂದವನೂ ತನ್ನ ಒಡೆಯನಿಗೆ ವೀರನೇ ಆಗಿದ್ದನೆಂಬುದನ್ನು ಮರೆಯಲಾಗದು.

1565ರಲ್ಲಿ ವಿಜಯನಗರವು ಕುಸಿದ ಮೇಲೆ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಪ್ರಬಲರಾದರು. ಅವರ ಕಾಲದಲ್ಲಿ ಊರುಗಳು ‘ಕಾವಲಿ’ ಎಂಬ ತೆರಿಗೆಯನ್ನು ತೆತ್ತು ರಕ್ಷಣೆ ಪಡೆಯುತ್ತಿದ್ದವು. ಕಾವಲಿಯ ಹೊನ್ನು ನಿಂತೆಡೆ ಕಾಯುವ ಕೈಯೇ ಕೊಳ್ಳೆಗೆ ಇಳಿಯುವುದು ಆಗಿನ ದಕ್ಷಿಣ ಭಾರತದಲ್ಲಿ ಅಪೂರ್ವವೇನಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲದಲ್ಲಿ ಸುಮಾರು 80 ಪಾಳೆಯಗಾರರೂ 30,000 ಶಸ್ತ್ರಧಾರಿಗಳೂ ಇರುವುದನ್ನು ಥಾಮಸ್ ಮನ್ರೋ ಕಂಡನು. ಆ ದಳಗಳನ್ನು ಆತನು ಮುರಿದನು; 1816ರ ಮದರಾಸು ಶಾಸನವು ಗ್ರಾಮರಕ್ಷಣೆಯನ್ನು ಪಟೇಲ-ತಳವಾರರಿಗೆ ವಹಿಸಿತು.

ಸಂಬಳವಿಲ್ಲದೆ ಲೂಟಿಯಿಂದಲೇ ಬದುಕುತ್ತಿದ್ದ ಪಿಂಡಾರಿಗಳು ಅದೇ 1816ರಲ್ಲಿ ಗುಂಟೂರನ್ನು ಸೂರೆಗೈದರು. 1818ರ ವೇಳೆಗೆ ಸೈನ್ಯವು ಅವರನ್ನು ಅಡಗಿಸಿತು; ಅವರ ನಾಯಕ ಕರೀಂಖಾನನಿಗಾದರೋ ಗೋರಖಪುರದ ಕಡೆ ಭೂಮಿಯೇ ದೊರೆಯಿತು. ದೊಡ್ಡ ದರೋಡೆಗಾರನಿಗೆ ಭೂಮಿ ಕೊಟ್ಟ ಆಡಳಿತವು ಬಡವರಿಗೆ ಕೊಟ್ಟದ್ದೇನು?

ಮದರಾಸು ಪ್ರಾಂತದ ಕೊರಮ-ಕೊರವರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸಿ ಜೀವಿಸುತ್ತಿದ್ದರು. ರೈಲುದಾರಿ ಹಾಗೂ ಸರ್ಕಾರದ ಉಪ್ಪಿನ ನೀತಿ ಆ ಜೀವನೋಪಾಯವನ್ನು ಕಸಿದವು. ಬಳಿಕ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಈ ಪ್ರಾಂತಕ್ಕೂ ವಿಸ್ತರಿಸಿತು. ಬಳ್ಳಾರಿ ಸೀಮೆಯೂ ಆಗ ಅದರೊಳಗಿತ್ತು. ಕಳವಿನ ಕಳಂಕ ಹುಟ್ಟಿನೊಡನೆಯೇ ಅಂಟಿತು. 1952ರಲ್ಲಿ ಆ ಕಾಯಿದೆ ರದ್ದಾದರೂ ಜನರ ನಾಲಗೆಯಿಂದ ಆ ಮಾತು ಪೂರ್ಣವಾಗಿ ಅಳಿಯಲಿಲ್ಲ.

ಶರಣಧರ್ಮದ ದೃಷ್ಟಿ ಇದಕ್ಕೆ ತೀರ ಭಿನ್ನ. ಕೊರಮ ಸಮಾಜವು ತನ್ನ ಕುಲಗುರುವೆಂದು ಪೂಜಿಸುವ ನುಲಿಯ ಚಂದಯ್ಯನು ಹಗ್ಗ ಹೊಸೆದು, ಬಂದ ಹಣದಲ್ಲಿ ದಾಸೋಹ ನಡೆಸಿದ ಶರಣ. ಕಳ್ಳತನದ ಕಸುಬಿನಿಂದ ಬಂದವನೆಂದು ಹೇಳಲಾಗುವ ಕನ್ನದ ಮಾರಿತಂದೆಯೂ ವಚನಕಾರರ ಸಾಲಿನಲ್ಲಿದ್ದಾನೆ. ಆಕಳನ್ನು ಕಳ್ಳರು ಒಯ್ದಾಗ ಬಸವಣ್ಣನವರು ಕರುಗಳನ್ನೂ ಅವರಿಗೆ ಕಳುಹಿಸಿದ ಕಥೆ ಭಕ್ತರಿಗೆ ಚಿರಪರಿಚಿತ. ತುರುಗೋಳಿನ ನಾಡಿನಲ್ಲಿ ಇದು ಕ್ಷಮೆಯ ಕಥೆ ಮಾತ್ರವಲ್ಲ; ಕಳ್ಳನಲ್ಲೂ ಹಸಿವನ್ನು, ಹಸಿವಿನ ಹಿಂದೆ ಮನುಷ್ಯನನ್ನು ಕಂಡ ಕಣ್ಣು ಅದು.

ಕೊಳ್ಳೆಯನ್ನು ಶಿಕ್ಷಿಸುವುದು ರಾಜ್ಯದ ಧರ್ಮವೇ ಸರಿ. ಆದರೆ ಕುಲವನ್ನು ಶಿಕ್ಷಿಸಿದ ರಾಜ್ಯವು ಕೊಳ್ಳೆಯನ್ನು ಅಳಿಸಲಿಲ್ಲ. ದಂಡವು ಗುಂಪನ್ನು ಚದುರಿಸಬಲ್ಲದು; ಮನುಷ್ಯನನ್ನು ಊರಿನೊಳಗೆ ನಿಲ್ಲಿಸುವುದು ಕಾಯಕ.