ಬರಿಸ್ತಾಗೂ ಮುಂಚೆ ಇದ್ದ ನಮ್ಮ ಕಾಫಿ ಮಾಸ್ಟರ್

ಸಾಲಿಗ್ರಾಮ ಭತ್ತದ ಸೀಮೆ, ಇಲ್ಲಿ ಕಾಫಿ ತೋಟ ಇಲ್ಲ. ಆದ್ರೆ ಅಲ್ಲೇ ಹುಣಸೂರಲ್ಲಿ 19ನೇ ಶತಮಾನದಲ್ಲೇ ದೊಡ್ಡ ಕಾಫಿ ವರ್ಕ್ಸ್ ಇತ್ತು. ಕೊಡಗಿನ ಕಾಫಿ ಅಲ್ಲಿ ಸಿಪ್ಪೆ ಕಳಚಿ, ಹಸನಾಗಿ ಇಂಗ್ಲೆಂಡಿಗೆ ಹೋಗ್ತಿತ್ತು. ಬೀಜ ನಮ್ಮೂರ ಕಡೆಯದು, ಲೋಟ ಯಾರದ್ದೋ!

ಆ ಬೀಜವನ್ನ ನಮ್ಮ ಜನರ ಲೋಟಕ್ಕೆ ತಂದವರಲ್ಲಿ ಹೋಟೆಲಿನ ಕಾಫಿ ಮಾಸ್ಟರ್ ಮುಖ್ಯ. ಇವತ್ತು ಬರಿಸ್ತಾ ಅಂತೀವಲ್ಲ, ಅದು ಇಟಾಲಿಯನ್ ಪದ. ಮಾಸ್ಟರ್ ಕೆಲಸವೇನೂ ಅದಕ್ಕಿಂತ ಸುಲಭ ಅಲ್ಲ. ಪುಡಿ ತೀರಾ ನುಣ್ಣಗಿದ್ರೆ ಫಿಲ್ಟರ್‌ನಲ್ಲಿ ನೀರು ಇಳಿಯಲ್ಲ. ತರಿತರಿಯಾಗಿದ್ರೆ ಸರ್ರನೆ ಇಳಿದು ಡಿಕಾಕ್ಷನ್ ಸಪ್ಪೆ. ಚಿಕೋರಿ ಜಾಸ್ತಿಯಾದ್ರೆ ಬಣ್ಣ ಬರುತ್ತೆ, ಘಮ ಹೋಗುತ್ತೆ. ಇಳಿಸಿದ ಡಿಕಾಕ್ಷನ್ ಮತ್ತೆ ಕುದಿಸಿದ್ರೆ ಕೆಟ್ಟ ಕಹಿ. ಇಷ್ಟರ ನಡುವೆ ಬೆಳಗಿನ ರಶ್: ಒಬ್ಬರಿಗೆ ಸ್ಟ್ರಾಂಗ್, ಒಬ್ಬರಿಗೆ ಲೈಟ್, ಇನ್ನೊಬ್ಬರಿಗೆ ಸಕ್ಕರೆ ಬೇಡ. ಅಳತೆಯೆಲ್ಲ ಕಣ್ಣಲ್ಲೇ. ಹೋಟೆಲ್ ಬೋರ್ಡ್ ಮೇಲೆ ಮಾಲೀಕರ ಹೆಸರು ಇರುತ್ತೆ, ಮಾಸ್ಟರ್ ಹೆಸರು ಇರಲ್ಲ.

ಒಂದು ಕಡೆ ಮಾತ್ರ ಕಥೆ ತಿರುಗಿತು. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನ ಮುಚ್ಚೋಕೆ ಹೊರಟಿತು. ಕಾಫಿ ಮಾಡೋರು, ಬಡಿಸೋರು ಬೀದಿಗೆ ಬೀಳೋ ಸ್ಥಿತಿ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲಕ್ಕೆ ನಿಂತರು, ಕಾರ್ಮಿಕರು ತಾವೇ ಸಹಕಾರ ಸಂಘ ಕಟ್ಟಿದರು. ಮೊದಲನೆಯದು ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 1957ರ ಆಗಸ್ಟ್ 19ಕ್ಕೆ. ಎಂ.ಜಿ. ರಸ್ತೆಯಲ್ಲಿದ್ದ ಅವರ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಬಂತು. ಅಲ್ಲಿ ಕಾಫಿ ಮಾಡೋರೇ ಸಂಘದ ಪಾಲುದಾರರು.